ದಂಡನಾಯಕ ಮೈಲರಸನ ಕುದುರೆ

ಕತಾರಿನ ದುಖಾನಿನಲ್ಲಿ ಎಣ್ಣೆಬಾವಿಗಳ ನಡುವೆ ಪೈಪುಗಳನ್ನು ನೋಡಿಕೊಳ್ಳುವ ಫೋರ್‌ಮನ್ ಮುರುಗೆಪ್ಪನಿಗೆ ಒಬ್ಬ ಪೂರ್ವಜನಿದ್ದ. ಪೂರ್ವಜರು ಎಲ್ಲರಿಗೂ ಇರುತ್ತಾರೆ. ಇವನವನು ಚಾಲುಕ್ಯರ ಕಾಲದ ದಂಡನಾಯಕ ಮೈಲರಸ. ಫುಟ್‌ಬಾಲ್ ವಿಶ್ವಕಪ್ ನಡೆಸುವ ಅವಕಾಶ ಕತಾರಿಗೆ ಸಿಕ್ಕ ವರ್ಷ ರೋಣದ ಕಡೆಯಿಂದ ಬಂದಿಳಿದ ಮುರುಗೆಪ್ಪ, ಮೈಲರಸ ಒಂದೇ ಏಟಿಗೆ ಆನೆಯೊಂದನ್ನು ಕೆಡವಿದನೆಂದು ಸಾರಿದ. ಕ್ರೀಡಾಂಗಣಗಳು ಏಳುತ್ತಿದ್ದಂತೆ ಆನೆಗಳೂ ಹೆಚ್ಚಿದವು. ಎಂಟನೆಯ ಕ್ರೀಡಾಂಗಣ ಮುಗಿಯುವ ಹೊತ್ತಿಗೆ ಎಂಟು ಆನೆಗಳು ಸತ್ತಿದ್ದವು.

ತೊಂದರೆ ಬಂದದ್ದು ಮಾತ್ರ ಕುದುರೆಯಿಂದ. ವಿಶ್ವಕಪ್ ನಡೆಯಬೇಕಿದ್ದ ವರ್ಷ ಕನ್ನಡ ಸಂಘದವರು ರಾಜ್ಯೋತ್ಸವದ ಮೆರವಣಿಗೆಯಲ್ಲಿ ದಂಡನಾಯಕನ ವೇಷದವನು ಹತ್ತಲೆಂದು ಬಿಳಿ ಕುದುರೆಯೊಂದನ್ನು ಗೊತ್ತುಮಾಡಿದರು. ಕಾರ್ಯದರ್ಶಿ ಗೋಪಿನಾಥ್ ಬೆಂಗಳೂರಿನವರು, ಆಡಿಟರು. ಕುದುರೆಯ ಮೇಲೆ ಅವರಿಗೂ ಕಣ್ಣಿತ್ತು.

"ದಂಡನಾಯಕರ ವೇಷಕ್ಕೆ ನೀವೇ ಸರಿ ಮುರುಗೆಪ್ಪನವರೇ. ಆದ್ರೆ ಪ್ರೂಫ್ ಬೇಕು. ಇಲ್ದಿದ್ರೆ ನಾನೇ ಕೂತ್ಕೋತೀನಿ."

"ನಮ್ಮ ಹೆಳವನ್ನ ಕೇಳ್ರಿ ಸರ್. ವಂಶಾನ ಬಾಯಾಗ ಇಟ್ಕೊಂಡಾನ!"

ಮರುದಿನ ಲಾಯಕ್ಕೆ ಹೋಗಿ ಕುದುರೆ ನೋಡಿಬಂದ ಮುರುಗೆಪ್ಪ ಊಟ ಬಿಟ್ಟ.

"ಏನಾತ್ರಿ?" ಎಂದಳು ಹೆಂಡತಿ ಪಾರವ್ವ.

"ನನ್ನ ನೋಡಿ ಹಲ್ಲ ಕಿಸೀತು."

"ಎಂಟ ಆನಿ ಕಡದವರ ವಂಶದಾವ್ರು ನೀವು!"

"ಕಡದಾಂವ ಅಂವ. ನಾ ಎಮ್ಮಿ ಮ್ಯಾಲೂ ಕುಂತಾವಲ್ಲ."

ಹತ್ತಿದರೆ ಬೀಳುವುದು ಖಚಿತ. ಹತ್ತುವುದಿಲ್ಲವೆಂದರೆ ಹನ್ನೆರಡು ವರ್ಷದ ಜಂಬ ಮಣ್ಣುಪಾಲು.

ಶುಕ್ರವಾರ ಐನ್ ಖಾಲಿದ್ ಬಡಾವಣೆಯ ಗೋಪಿನಾಥರ ಮನೆಯಲ್ಲಿ ಎಲ್ಲರೂ ಸೇರಿದರು. ಟಿವಿಗೆ ಜೋಡಿಸಿದ ವಿಡಿಯೋ ಕರೆಯಲ್ಲಿ ಹೆಳವರ ಅಪ್ಪಯ್ಯ ಎತ್ತಿನ ಮೇಲೆ ಕೂತು ಗಂಟೆ ಬಾರಿಸಿದ. ಮನೆಮನೆಗೆ ಬಂದು ವಂಶಾವಳಿ ಹೇಳುವುದು ಹೆಳವರ ಕಸುಬು. ಒಮ್ಮೆ ಶುರುವಾದರೆ, ಬದುಕಿರುವವನ ಹೆಸರು ಬರುವವರೆಗೆ ನಿಲ್ಲಿಸುವಂತಿಲ್ಲ. ಹೊಗಳಿಕೆಯನ್ನಷ್ಟೇ ಆರಿಸಿಕೊಳ್ಳುವ ಅನುಕೂಲವೂ ಆ ಪದ್ಧತಿಯಲ್ಲಿಲ್ಲ. ಮುರುಗೆಪ್ಪ ಇದನ್ನು ಮರೆತಿದ್ದ.

"ಮೈಲರಸ ದಂಡನಾಯಕ ಕುದ್ರಿ ಹತ್ತಿ ಕಾಳಗಕ್ಕ ಹೊಂಟನಪ್ಪಾ! ಕುದ್ರಿ ಕೆನೀತು, ದಂಡನಾಯಕ ಕೆಳಗ ಬಿದ್ದನಪ್ಪಾ!"

"ಕೇಳವಲ್ದು! ನೆಟ್‌ವರ್ಕ್ ಹೋತು! ಖಲಾಸ್, ಬಂದ್ ಮಾಡ್ರಿ!" ಮುರುಗೆಪ್ಪ ಎದ್ದು ನಿಂತ.

"ಕ್ಲಿಯರ್ ಆಗೇ ಇದೆ," ಎಂದು ಗೋಪಿನಾಥ್ ದನಿ ಏರಿಸಿದರು.

"ನಡುವ ನಿಲ್ಲಸಬಾರದು ಧಣೀ," ಎಂದು ಅಪ್ಪಯ್ಯ ಗದರಿಸಿ ಮುಂದುವರಿದ. "ಬಿದ್ದಾಂವ ಓಡಿಹೋಗಿ ನೆಲದಾಗಿನ ಜ್ವಾಳದ ಹಗೇವಿನಾಗ ಅಡಗಿದನಪ್ಪಾ! ಹಸದ ಅರಸಗ ಆ ಜ್ವಾಳಾನ ತೋರಿಸಿದನಪ್ಪಾ! ಅರಸ ಮೆಚ್ಚಿ ಊರು ಕೊಟ್ಟನಪ್ಪಾ! ನನ್ನ ವಂಶದಾಗ ಯಾರೂ ಕುದ್ರಿ ಹತ್ತಬಾರದಂತ ಮೈಲರಸ ಆಣಿ ಇಟ್ಟನಪ್ಪಾ!"

"ಆನೆಗಳು ಎಲ್ಲಿ?" ಎಂದರು ಗೋಪಿನಾಥರ ಹೆಂಡತಿ ಚೂಡಾಮಣಿ.

"ಆನಿ ಯಾವೂ ಇಲ್ರೀ ಅವ್ವಾ."

ಕೋಣೆಯೆಲ್ಲ ನಗು. ಜೋತುಬಿದ್ದಿದ್ದ ಮುರುಗೆಪ್ಪನ ಮುಖ ಮಾತ್ರ ನಿಧಾನವಾಗಿ ಅರಳಿತು.

"ಆಣಿ ಕೇಳಿದ್ರಲ್ಲ ಸರ್? ಮುರಿಯಾಕ ನಾ ಯಾರು? ನೀವ ಹತ್ರಿ."

ಮೆರವಣಿಗೆಯ ದಿನ ಶಾಲೆಯ ಮೈದಾನದಲ್ಲಿ ಗೋಪಿನಾಥ್ ಕುದುರೆ ಹತ್ತಿದರು. ಅರಸನಿಗೆ ಅನ್ನ ಕೊಟ್ಟ ವಂಶವೆಂದು ತೋರಿಸಲು ಮುರುಗೆಪ್ಪ ರುಮಾಲು ಸುತ್ತಿ, ತಲೆಯ ಮೇಲೆ ಜೋಳದ ಬುಟ್ಟಿ ಹೊತ್ತು ಮುಂದೆ ನಡೆದ. ಕುದುರೆ ಬುಟ್ಟಿಗೆ ಮೂಗು ಚಾಚಿತು. ಮುರುಗೆಪ್ಪ ಬಿರುಸಾಗಿ ನಡೆದ; ಕುದುರೆಯೂ ನಡೆಯಿತು. ಅವನು ಓಡಿದ, ಅದೂ ಓಡಿತು. ಹಿಂದಿನಿಂದ ಡೊಳ್ಳಿನವರು, ಪೂರ್ಣಕುಂಭದ ಹೆಂಗಸರು, ಬಾವುಟದ ಮಕ್ಕಳು, ಎಲ್ಲರೂ ಓಡಿದರು.

"ಸ್ಟಾಪ್! ಮುರುಗೆಪ್ಪನವರೇ, ನಿಲ್ರೀ!" ಗೋಪಿನಾಥ್ ಕುದುರೆಯ ಕುತ್ತಿಗೆ ಅಪ್ಪಿಕೊಂಡು ಕೂಗಿದರು.

"ಬುಟ್ಟಿ ಒಗೀರಿ!" ಎಂದು ಪಾರವ್ವ ಕಿರುಚಿದಳು.

ವಂಶದ ಜೋಳವನ್ನು ಒಗೆಯುವುದು ಹೇಗೆ? ಲಾಂಗ್ ಜಂಪಿನ ಮರಳುಗುಂಡಿಯಲ್ಲಿ ಮುರುಗೆಪ್ಪ ಬುಟ್ಟಿಸಮೇತ ಬೋರಲು ಬಿದ್ದ. ಕುದುರೆ ಗುಂಡಿಯ ಅಂಚಿಗೆ ನಿಂತು, ಅವನ ಬೆನ್ನ ಮೇಲೆ ಚೆಲ್ಲಿದ ಜೋಳವನ್ನು ಸಾವಕಾಶವಾಗಿ ತಿನ್ನತೊಡಗಿತು.

ಪಾರವ್ವ ಕೈಯಲ್ಲಿದ್ದ ಫೋನನ್ನು ಗುಂಡಿಯ ಕಡೆ ತಿರುಗಿಸಿದಳು. ಅದರ ವಿಡಿಯೋ ಕರೆಯಲ್ಲಿ ಅಪ್ಪಯ್ಯ ಎತ್ತಿನ ಮೇಲೆ ಕೂತೇ ಇದ್ದ.

"ಕಂಡ್ರೇನ್ರಿ?"

"ಕಂಡೆ ತಂಗೀ," ಎಂದು ಅವನು ಗಂಟೆ ಬಾರಿಸಿದ. "ಇದನ್ನೂ ಸೇರಿಸೇನಿ."