ಪಾರ್ವತೆಮ್ಮ ಎರಡು ಸಲ ತುಂಬಿದ ಉಡಿ

ಮಸ್ಕಿಯಲ್ಲಿ ಯಾರ ಲಗ್ನ ಯಾವ ವರ್ಷ ಆಯಿತು, ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಮುನಿಸಿಕೊಂಡು ಎದ್ದುಹೋದ ಬೀಗ ಯಾರು ಎಂದು ತಿಳಿಯಬೇಕಾದರೆ ಪಾರ್ವತೆಮ್ಮನ ಮನೆಗೇ ಬರಬೇಕು. ಎಪ್ಪತ್ತೆಂಟು ವರ್ಷ. ಮೊಣಕಾಲು ಕೈಕೊಟ್ಟಿವೆ, ಕಣ್ಣಿಗೆ ಪೊರೆ ಬಂದಿದೆ, ತಲೆ ಮಾತ್ರ ಹಳೇ ದಫ್ತರ ಇದ್ದಹಾಗೆ. "ಆಕಿ ಮುಂದ ಸುಳ್ಳು ಹೇಳಬ್ಯಾಡ್ರಲೇ, ತಾರೀಖು ಸಮೇತ ಹಿಡೀತಾಳ," ಎಂದು ಓಣಿಯವರು ನಗುತ್ತಾರೆ.

ನಗುವವರಿಗೇನು! ಪಾರ್ವತೆಮ್ಮನ ಅವ್ವ ಐವತ್ತೈದಕ್ಕೇ ಎಲ್ಲ ಮರೆತಳು. ಅಣ್ಣ ಅಮರಗುಂಡಪ್ಪ ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು, ಐವತ್ತಾರಕ್ಕೆ ಬಟ್ಟೆ ಅಳೆಯುವ ಕೋಲು ಹಿಡಿದು "ಇದು ಯಾತಕ್ಕ?" ಎಂದು ಕೇಳಿದ. ತಂಗಿಯೂ ಅದೇ ದಾರಿ ಹಿಡಿದಳು. ಮೂವರ ಬಾಯಿಗೂ ತುತ್ತಿಟ್ಟವಳು, ಕೊನೆಗೆ ಮೂವರಿಂದಲೂ "ನೀ ಯಾರವ್ವಾ?" ಅನ್ನಿಸಿಕೊಂಡವಳು ಇವಳೇ.

ಎರಡು ವರ್ಷದ ಹಿಂದೆ ಇಂಥ ಮರೆವಿನ ಕಾಯಿಲೆಯನ್ನು ಅಭ್ಯಾಸ ಮಾಡುವ ಡಾಕ್ಟರಮ್ಮ ಒಬ್ಬರು ಬಂದು ಪಾರ್ವತೆಮ್ಮನ ರಕ್ತ ತೆಗೆದುಕೊಂಡು ಹೋದರು. ಮತ್ತೆ ಬಂದಾಗ ಪಕ್ಕದಲ್ಲೇ ಕುಳಿತು ಹೇಳಿದರು. "ಅಮ್ಮಾ, ನಿಮ್ಮ ಮನೆತನದ ಮರೆವು ನಿಮ್ಮ ರಕ್ತದಲ್ಲೂ ಇದೆ. ಇಪ್ಪತ್ತು ವರ್ಷದ ಹಿಂದೆಯೇ ಶುರುವಾಗಬೇಕಿತ್ತು. ಅದನ್ನು ತಡೆಯುವ ಇನ್ನೊಂದು ಗುಣವೂ ನಿಮಗೆ ಹುಟ್ಟಿನಿಂದ ಬಂದಂತೆ ಕಾಣುತ್ತದೆ."

ಓಣಿ ಮಂದಿ ಪುಣ್ಯವಂತಿ ಎಂದರು. ಪಾರ್ವತೆಮ್ಮನಿಗೆ ಮೈಯೆಲ್ಲ ಉರಿಯಿತು. ಎಲ್ಲರೂ ಮರೆತು ಹೋದಮೇಲೆ ಒಬ್ಬಳೇ ನೆನೆಸಿಕೊಂಡು ಅಳುವುದು ಅದ್ಯಾವ ಸೀಮೆಯ ಪುಣ್ಯ? ಅವಳು ಕೇಳಿದ್ದು ಒಂದೇ ಮಾತು.

"ನನ್ನ ಮಗಳಿಗೆ ಆ ತಡಿಯೋದು ಹೋಗ್ಯಾದೇನ್ರಿ?"

"ಎರಡೂ ಬೇರೆ ಬೇರೆಯಾಗಿ ಇಳಿಯುತ್ತವಮ್ಮಾ. ಎರಡೂ ಹೋಗಿರಬಹುದು, ಯಾವುದೂ ಹೋಗದಿರಬಹುದು, ಮರೆವೊಂದೇ ಹೋಗಿರಲೂಬಹುದು. ಬೇಕಾದರೆ ಪರೀಕ್ಷೆ ಮಾಡೋಣ."

ಸಿಂಧನೂರಿಗೆ ಕೊಟ್ಟ ಮಗಳು ದಾನೇಶ್ವರಿಗೆ ಆಗ ಐವತ್ತೊಂದು. ಅವಳು ಕೈ ಝಾಡಿಸಿಬಿಟ್ಟಳು. "ಬ್ಯಾಡ ಬಿಡವ್ವಾ, ತಿಳಕೊಂಡು ಏನ್ ಮಾಡಾಮು? ನೂಲಿನಂಗ ಸೀರಿ, ತಾಯಿಯಂಗ ಮಗಳು. ನಾ ನಿನ್ನಂಗ ಇರ್ತೀನಿ."

ಅಂದಿನಿಂದ ಮಗಳು ಬಂದಾಗೆಲ್ಲ ಪಾರ್ವತೆಮ್ಮ ತನ್ನದೇ ಪರೀಕ್ಷೆ ನಡೆಸುತ್ತಿದ್ದಳು. "ನಿನ್ನ ಲಗ್ನದಾಗ ನಾ ಉಟ್ಟ ಸೀರಿ ಯಾವ ಬಣ್ಣದ್ದಿತ್ತು ಹೇಳು?"

"ಹಸಿರು ಇಳಕಲ್ ಸೀರಿ, ಮಾವನ ಅಂಗಡೀದು. ಎಷ್ಟು ಸಲ ಕೇಳ್ತಿಯವ್ವಾ!" ಎಂದು ಮಗಳು ನಕ್ಕರೆ ಅವತ್ತು ತಾಯಿಗೆ ರೊಟ್ಟಿ ಸೇರುತ್ತಿತ್ತು.

ಈ ಸಲ ಪಂಚಮಿಗೆ ಬಂದ ಮಗಳು ಹೊರಟು ನಿಂತಳು. ಮಣೆಯ ಮೇಲೆ ಕೂಡಿಸಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಹಾಕಿ ಪಾರ್ವತೆಮ್ಮ ಉಡಿ ತುಂಬಿದಳು. ತವರು ಬರಿದಾಗಬಾರದೆಂದು ಮಗಳು ಅದರಲ್ಲಿ ಎರಡು ಹಿಡಿ ಅಕ್ಕಿಯನ್ನು ತಾಯಿಯ ತಾಟಿಗೆ ಮರಳಿ ಹಾಕಬೇಕು, ಉಳಿದದ್ದು ಅವಳದು. ಮೂವತ್ತು ವರ್ಷ ದಾನೇಶ್ವರಿ ಯಾರೂ ಹೇಳದೆ ಹಾಗೇ ಮಾಡಿದ್ದಳು.

ಈಗ ಒಂದು ಹಿಡಿ ಹಾಕಿದಳು. ಎರಡು. ಮೂರು. ನಾಲ್ಕು. ಆಮೇಲೆ ಸೆರಗನ್ನೇ ಕೊಡವಿದಳು. ಅಕ್ಕಿ, ಕೊಬ್ಬರಿ, ಖಣ ಎಲ್ಲ ತಾಟಿಗೆ ಬಿತ್ತು.

"ಆತಲ್ಲವ್ವಾ?" ಎಂದು ಎದ್ದು ನಿಂತಳು.

ಪಾರ್ವತೆಮ್ಮನ ಎದೆ ಒಡೆಯಿತು. ಎದೆಹಾಲು ಕೊಟ್ಟೆ, ಬಂಗಾರ ಕೊಟ್ಟೆ, ಮನೆತನದ ಮರೆವನ್ನೂ ಕೊಟ್ಟೆ, ಶಿವನೇ, ಅದನ್ನು ತಡೆಯುವುದನ್ನು ಮಾತ್ರ ನಾನೇ ಇಟ್ಟುಕೊಂಡೆನಲ್ಲ!

"ಇನ್ನೂ ಆಗಿಲ್ಲವ್ವಾ, ಕುಂದರು," ಎಂದಳು.

ದಾನೇಶ್ವರಿ ಮತ್ತೆ ಮಣೆಯ ಮೇಲೆ ಕುಳಿತಳು. ಪಾರ್ವತೆಮ್ಮ ಮೊದಲಿನಿಂದ ಉಡಿ ತುಂಬಿದಳು, ಮಗಳು ಮರಳಿ ಹಾಕಬೇಕಾದ ಎರಡು ಹಿಡಿಯನ್ನು ತಾನೇ ತೆಗೆದು ತಾಟಿಗೆ ಹಾಕಿಕೊಂಡಳು, ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

ಸೀರೆಯ ಬಣ್ಣ ಅವತ್ತು ಕೇಳಲಿಲ್ಲ. ಹೊಸ್ತಿಲ ತನಕ ಬಂದು ತಾನೇ ಹೇಳಿದಳು: "ಹಸಿರು ಇತ್ತವ್ವಾ. ಹಸಿರು ಇಳಕಲ್ ಸೀರಿ."