ಸೆನ್ಸರಿನ ಬಾಯಿಗೆ ಸಾಬೂನು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಮೊದಲು ಗ್ಯಾರೇಜಿನ ಕೆಲಸದ ನೆಪ, ಆಮೇಲೆ ಮಂಡಿನೋವಿನದು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಕೋಡಿಬಾಗದ ನನ್ನ ಗ್ಯಾರೇಜಿಗೆ ಹಿಲ್ಲೂರಿನ ತೋಟದ ಯಜಮಾನರೊಬ್ಬರ ಹಳೆಯ ವಿದೇಶಿ ಕಾರು ಬರುತ್ತಿತ್ತು. ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಮೀಟರಿನೊಳಗೆ ಒಂದು ಪುಟ್ಟ ಬಾಗಿಲಿತ್ತು. ಗಾಳಿ ತಳ್ಳಿದಷ್ಟು ಅದು ತೆರೆಯಬೇಕು, ಅಷ್ಟಕ್ಕೆ ತಕ್ಕ ಪೆಟ್ರೋಲ್ ಸುರಿಯಬೇಕು. ಸವೆದು ಹೋದ ಆ ಬಾಗಿಲು ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹೊಸ ಮೀಟರು ಎಲ್ಲೂ ಸಿಗಲಿಲ್ಲ.

ಅಂಕೋಲೆಯಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ, ದೂರದ ಸಂಬಂಧದಲ್ಲಿ ನನ್ನನ್ನು ಬಾವ ಎನ್ನುವವನು, ಇದನ್ನು ನೋಡಿ ನಕ್ಕ.

"ಗಾಳಿ ಅಳೆಯೂದೇ ಬೇಡ ಬಾವ. ಇಂಜಿನ್ ಒಳಗೆ ಒತ್ತಡ ಎಷ್ಟದೆ ಅಂತ ನೋಡಿದ್ರೆ, ಎಷ್ಟು ಉಸಿರು ತಕಂಡದೆ ಅಂತ ಗೊತ್ತಾಗ್ತದೆ."

ಹೊಟ್ಟೆ ಮುಟ್ಟಿ ಉಂಡ ಅನ್ನ ಎಷ್ಟೆಂದು ಹೇಳುತ್ತೀಯಾ ಎಂದು ಕೆಣಕಿದೆ.

"ಹೊಟ್ಟೆ ನಿಮ್ದಾದ್ರೆ ಹೇಳ್ತೆ," ಎಂದ.

ಅವನ ಅಂಗಡಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಕಾರು ಸರಿಯಾಗಿ ಓಡಿದರೆ ಅವನು ನನ್ನ ಗ್ಯಾರೇಜಿಗೆ ಪಾಲುದಾರನಾಗುವುದೆಂದು ಮಾತಾಯಿತು. ಮೀಟರು ತೆಗೆದು ಆ ಜಾಗಕ್ಕೆ ಬರೀ ಕೊಳವೆ ಹಾಕಿದ. ಇಂಜಿನ್ನಿನಿಂದ ಬೆರಳು ಗಾತ್ರದ ರಬ್ಬರ್ ನಳಿಗೆ ಎಳೆದು ಒತ್ತಡದ ಸೆನ್ಸರಿಗೆ ಸಿಕ್ಕಿಸಿದ. ಅದು ಹೇಳಿದ್ದನ್ನು ಕಾರಿಗೆ ತಿಳಿಯುವಂತೆ ಮಾಡಲು ತಾನೇ ಒಂದು ಪೆಟ್ಟಿಗೆ ಕಟ್ಟಿದ್ದ. ಸಂಜೆ ಚಾವಿ ತಿರುಗಿಸಿದಾಗ ಇಂಜಿನ್ ಹದವಾಗಿ ಓಡತೊಡಗಿತು. ಅಳೆಯುವ ಬಾಗಿಲೇ ಇಲ್ಲ, ಆದರೂ ಇಂಜಿನ್ನಿಗೆ ತನ್ನ ಉಸಿರು ಗೊತ್ತು! ಒಳಗಿನ ಖಾಲಿಯೂ ಒಂದು ಮಾತಾಡುತ್ತದೆಂದು ಅಷ್ಟು ವರ್ಷ ಇಂಜಿನ್ ಬಿಚ್ಚಿದ ನನಗೆ ಅಂದೇ ತಿಳಿದದ್ದು.

ಮರುದಿನ ಬಂದು ಭದ್ರವಾಗಿ ಕೂರಿಸುತ್ತೇನೆಂದು ಸೆನ್ಸರು ಬಿಚ್ಚಿಟ್ಟು ಅವನು ಆ ರಾತ್ರಿ ಊರಿಗೆ ಹೋದ. ನಮ್ಮಲ್ಲಿ ತೆರೆದ ತೂತು ಕಂಡರೆ ಕುಂಬಾರ ಹುಳ ಮಣ್ಣು ತುಂಬಿ ಗೂಡು ಕಟ್ಟುತ್ತದೆ. ಹಾಗಾಗಿ ಗ್ಯಾರೇಜಿನ ಬಾಗಿಲು ಹಾಕುವ ಮೊದಲು ಬಿಚ್ಚಿಟ್ಟ ಸಾಮಾನಿನ ಬಾಯಿಗೆಲ್ಲ ಸಾಬೂನು ಒತ್ತುವುದು ನನ್ನ ರೂಢಿ. ಸೆನ್ಸರಿಗೂ ಒತ್ತಿದೆ. ಬೆಳಿಗ್ಗೆ ಯಜಮಾನರು ಬರುವ ಗಡಿಬಿಡಿಯಲ್ಲಿ ಸಾಬೂನು ತೆಗೆಯಲು ಮರೆತು ಅದರ ಮೇಲೆಯೇ ನಳಿಗೆ ಸಿಕ್ಕಿಸಿದವನೂ ನಾನೇ.

ಇಂಜಿನ್ ಕಪ್ಪು ಹೊಗೆ ಕಾರಿ ನಿಂತಿತು. ಅಷ್ಟರಲ್ಲಿ ಬಂದು ತಲುಪಿದ್ದ ಗೆಳೆಯ ವೈರುಗಳನ್ನು ಒಂದೊಂದಾಗಿ ಹಿಡಿದು ನೋಡುತ್ತಿದ್ದ. ಯಜಮಾನರ ಮುಂದೆ ನಾನೆಂದೆ:

"ಟಿವಿ ರಿಪೇರಿ ಮಾಡುವವ್ನ ಕೈಗೆ ಕಾರು ಕೊಟ್ಟದ್ದೇ ತಪ್ಪಾಯ್ತು."

ಅವನು ಕೈ ಒರೆಸಿಕೊಂಡು, ಪೆಟ್ಟಿಗೆಯನ್ನೂ ಬಿಟ್ಟು, ಅಂಕೋಲೆಯ ಬಸ್ಸು ಹತ್ತಿದ. ಮಧ್ಯಾಹ್ನ ನಳಿಗೆ ಎಳೆದಾಗ ಸೆನ್ಸರಿನ ಬಾಯಲ್ಲಿ ಹಸಿರು ಸಾಬೂನು ಕಂಡಿತು. ತೆಗೆದು ಸಿಕ್ಕಿಸಿದೆ. ಇಂಜಿನ್ ಮತ್ತೆ ಮೆಲ್ಲಗೆ ಉಸಿರಾಡಿತು. ಯಜಮಾನರು ನನ್ನ ಬೆನ್ನು ತಟ್ಟಿದರು. ನಾನು ಸಾಬೂನಿನ ಚೂರನ್ನು ಒರೆಸುಬಟ್ಟೆಯಲ್ಲಿ ಸುತ್ತಿಟ್ಟೆ.

ಕೆಲವು ತಿಂಗಳ ಮೇಲೆ ಅದೇ ಕಾರು ಪರೀಕ್ಷಿಸಲು ಅಂಕೋಲೆಯವರೆಗೆ ಓಡಿಸಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ಅವನು ಸಿಕ್ಕ. ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಕೆಲಸಕ್ಕೆ ಹೊರಟಿದ್ದ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿ ಕೇಳಿದ. ಮುಖ ಅರಳಿತು.

"ಚೆಂದ ಉಸಿರಾಡ್ತದೆ. ಅಂದು ಎಂತ ಆಗಿತ್ತು ಬಾವ?"

"ಒಂದು ವೈರು ಸಡಿಲಾಗಿತ್ತು," ಎಂದೆ.

"ಹಂಗಾರೆ ನಂದೇ ತಪ್ಪು," ಎಂದು ತಲೆ ತಗ್ಗಿಸಿದ.

ವೈರು ಸಡಿಲಾಗಿರಲಿಲ್ಲ. ಸಾಬೂನು ಒತ್ತಿದವನು ನಾನು. ಅವನ ಹೆಸರನ್ನೂ ಇಲ್ಲಿ ಬರೆಯಬೇಕೆಂದೇ ಕುಳಿತಿದ್ದೆ. ಆದರೆ ಕ್ಷಮೆ ಕೇಳದೆ ಆ ಹೆಸರು ಹಿಡಿಯಲು ಬಾಯಿ ಬರುತ್ತಿಲ್ಲ.