ತೂಗದೆ ಹೇಳಿದ ತೂಕ

ಶಾರದಾ, ಆ ನೀಲಿ ಹಕ್ಕಿ ಸತ್ತದ್ದು ನೀನು ಹಾಕಿದ ಕೊತ್ತಂಬರಿ ಸೊಪ್ಪಿನಿಂದಲ್ಲ. ನನ್ನಿಂದ. ದಿನಾ ಬೆಳಿಗ್ಗೆ ಅದನ್ನು ತೂಗಬೇಕೆಂದು ನಿನ್ನ ಮಗಳು ಪಲ್ಲವಿ ನನಗೆ ವಹಿಸಿ ಹೋಗಿದ್ದಳು. ನಾನು ತೂಗಲಿಲ್ಲ. ತೂಗಿದೆ ಎಂದು ಸುಳ್ಳು ಹೇಳಿದೆ. ಆದದ್ದು ಇಷ್ಟೇ.

ಸೊಸೆಗೆ ಹೆದರುವವಳಲ್ಲ ನಾನು — ಅದು ನಿನಗೂ ಗೊತ್ತು, ಹೊನ್ನಾಳಿಯ ನಮ್ಮ ಓಣಿಗೂ ಗೊತ್ತು. ಆದರೆ ಇದನ್ನು ಓದಿ ಮುಗಿಸಿ ನೀನು ತಲೆ ಎತ್ತಿ ನನ್ನ ಮುಖ ನೋಡುತ್ತೀಯಲ್ಲ, ಆ ಗಳಿಗೆಗೆ ಹೆದರುತ್ತೇನೆ. ಎದುರಿಗೆ ಹೇಳಬೇಕೆಂದು ಎಷ್ಟೋ ಸಲ ಅಡುಗೆಮನೆ ಬಾಗಿಲಿಗೆ ಬಂದು ನಿಂತೆ. "ಏನು ಬೇಕಿತ್ತು ಅತ್ತೆ?" ಎಂದು ನೀನು ಕೇಳಿದಾಗ ನೀರು ಬೇಕೆಂದೆ. ನೀರು ಕುಡಿದು ಹೋದೆ. ನನ್ನದು ಮೂರನೇ ಕ್ಲಾಸಿನ ಅಕ್ಷರ, ತಪ್ಪಿದ್ದಲ್ಲಿ ಕೂಡಿಸಿಕೊಂಡು ಓದು.

ಮೊನ್ನೆ ಪಕ್ಕದ ಮನೆಯವರು ಹೊಸದಾಗಿ ಹಕ್ಕಿ ತಂದು, ಏನು ಹಾಕಬೇಕೆಂದು ನಿನ್ನನ್ನು ಕೇಳಿದರು. "ನನ್ನ ಕೇಳಬ್ಯಾಡ್ರಿ. ನನ್ನ ಕೈಯಾಗೆ ಒಂದು ಜೀವ ಹೋಗೈತೆ" ಎಂದೆ ನೀನು. ಇಷ್ಟು ವರ್ಷವಾದ ಮೇಲೂ. ನಾನು ಒಳಗೆ ಕೂತು ಕೇಳಿಸಿಕೊಂಡೆ. ನಾಳೆ ನಾನು ಸತ್ತರೆ ನೀನು ಹೀಗೇ ಹೇಳಿಕೊಂಡು —

ಮೊದಲಿನಿಂದ ಹೇಳುತ್ತೇನೆ.

ಪಲ್ಲವಿ ಹೈಸ್ಕೂಲಿನಲ್ಲಿದ್ದಳು. ಲವ್ ಬರ್ಡ್ಸ್ ಜೋಡಿ ಅವಳದು, ನೀಲಿಯದೊಂದು, ಹಳದಿಯದೊಂದು. ನೀಲಿಯದು ಒಮ್ಮೆ ಕಾಯಿಲೆ ಬಿದ್ದು ಉಳಿದಾಗ ದನದ ಡಾಕ್ಟರು ಹೇಳಿ ಕಳಿಸಿದ್ದರು: ಹಕ್ಕಿ ತನ್ನ ಕಾಯಿಲೆಯನ್ನು ಮುಚ್ಚಿಟ್ಟುಕೊಳ್ಳುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ, ದಿನಾ ಬೆಳಿಗ್ಗೆ ಕಾಳು ಹಾಕುವ ಮೊದಲು ತೂಗಿ, ತೂಕ ಇಳಿದರೆ ಅವತ್ತೇ ತನ್ನಿ. ನಮ್ಮ ಮನೆಯಲ್ಲಿ ಇದ್ದದ್ದು ನೀನು ಮಾರುವ ಚಟ್ನಿಪುಡಿ ತೂಗುವ, ಸೆಲ್ಲು ಹಾಕುವ ಆ ಚಪ್ಪಟೆ ತಕ್ಕಡಿ. "ಅದರ ಮ್ಯಾಲೆ ಹಕ್ಕಿ ಹಿಕ್ಕೆ ಹಾಕಿದ್ರೆ ಚಟ್ನಿಪುಡಿ ನಿಮ್ಮಜ್ಜಿ ತಗೊಂತಾಳೇನೆ?" ಎಂದು ನೀನು ರೇಗಿದ್ದೆ. ಅವಳು ತೂತು ಹೊಡೆದ ಪ್ಲಾಸ್ಟಿಕ್ ಡಬ್ಬಿ ತಂದಳು. ಖಾಲಿ ಡಬ್ಬಿ ಇಟ್ಟು ಗುಂಡಿ ಒತ್ತಿದರೆ ಸೊನ್ನೆ. ಆಮೇಲೆ ಹಕ್ಕಿಯನ್ನು ಒಳಗೆ ಬಿಟ್ಟು ಮುಚ್ಚಳ ಹಾಕಿದರೆ ಬರುವುದು ಹಕ್ಕಿಯದೇ ತೂಕ. ಖೋ-ಖೋ ಶಿಬಿರಕ್ಕೆ ಚನ್ನಗಿರಿಗೆ ಹೋಗುವಾಗ ಅದನ್ನೆಲ್ಲ ನನಗೆ ಕಲಿಸಿದಳು. ನಿನಗೆ ಬೆಳಗಿನ ಹೊತ್ತು ಬಿಡುವಿಲ್ಲ, ಅಜ್ಜಿಗೆ ಏನು ಕೆಲಸ ಎಂದು.

ಮೊದಲ ದಿನ ನೀಲಿಯದನ್ನು ಡಬ್ಬಿಗೆ ಬಿಟ್ಟೆ. ಅದು ಒಳಗೇ ಬಡಿದಾಡಿತು. ತಕ್ಕಡಿಯ ಅಂಕಿ ಏರುತ್ತದೆ, ಇಳಿಯುತ್ತದೆ, ನಿಲ್ಲುವುದಿಲ್ಲ. ಬಿಳಿಚೋಡಿನಲ್ಲಿದ್ದಾಗ ನಾವು ಸಾಕಿದ ಕುರಿಗಳನ್ನು ತೂಗುತ್ತಿದ್ದದ್ದು ಕಡಿಯುವವರಿಗೆ ಮಾರುವ ದಿನ ಮಾತ್ರ. ಕಾಲು ಕಟ್ಟಿ ಬೇವಿನ ಕೊಂಬೆಗೆ ತಕ್ಕಡಿ ಹಾಕಿ ಎತ್ತುತ್ತಿದ್ದರು. ಹಾಗೆ ಎತ್ತಿದ್ದು ಮತ್ತೆ ಹಟ್ಟಿಗೆ ಬರುತ್ತಿರಲಿಲ್ಲ. ನನ್ನ ಎರಡನೇ ಕೂಸನ್ನೂ ಒಮ್ಮೆ ನರ್ಸಮ್ಮ ಬಟ್ಟೆಯಲ್ಲಿ ಕಟ್ಟಿ ತೂಗಿದಳು. ಬ್ಯಾಡ ಎಂದು ನನ್ನ ಅತ್ತೆ ಕೂಗಿಕೊಂಡಿದ್ದಳು. ಆಮೇಲೆ ಸ್ವಲ್ಪ ದಿನಕ್ಕೇ ಕೂಸು ಹೋಯಿತು. ಹೋದದ್ದು ಜ್ವರದಿಂದ, ಬುದ್ಧಿಗೆ ಅದು ಗೊತ್ತು. ಕೈಗೆ ಗೊತ್ತಿಲ್ಲ. ಮುಚ್ಚಳ ತೆಗೆದು ಹಕ್ಕಿಯನ್ನು ಪಂಜರಕ್ಕೆ ಬಿಟ್ಟುಬಿಟ್ಟೆ.

ಇದನ್ನು ನೆವ ಎಂದು ಬರೆಯುತ್ತಿಲ್ಲ. ಕೈಲಾಗಲ್ಲ ಎಂದು ನಿನಗೆ ಒಂದು ಮಾತು ಹೇಳಿದ್ದರೆ ನೀನು ತೂಗುತ್ತಿದ್ದೆ. ಬೈದುಕೊಂಡಾದರೂ ತೂಗುತ್ತಿದ್ದೆ. ಸೊಸೆಯ ಮುಂದೆ ಒಂದು ಹಿಡಿ ಹಕ್ಕಿಗೆ ಹೆದರಿದೆ ಎಂದು ಹೇಳಿಕೊಳ್ಳುವುದೇ —

ಹುಡುಗಿ ಶಿಬಿರದಿಂದ ಟೀಚರ ಫೋನಿನಲ್ಲಿ ದಿನಾ ಬೆಳಿಗ್ಗೆ ಕರೆ ಮಾಡುತ್ತಿದ್ದಳು. ಅವಳು ಹೋಗುವಾಗ ಇದ್ದ ತೂಕವನ್ನೇ ನಾನು ಹೇಳುತ್ತಿದ್ದೆ: ನೀಲಿ ಮೂವತ್ತಾರು, ಹಳದಿ ಮೂವತ್ತೆಂಟು. ಒಂದು ದಿನ ನೀಲಿಗೆ ಒಂದು ಗ್ರಾಂ ಜಾಸ್ತಿ ಹೇಳಿದೆ. ಸುಳ್ಳು ನಿಜದ ಹಾಗೆ ಕಾಣಲಿ ಎಂದು. ಅದನ್ನು ನೆನೆದಾಗ ಈಗಲೂ ನನಗೆ ನನ್ನ ಮೇಲೇ ಭಯವಾಗುತ್ತದೆ.

ಬರಬರುತ್ತಾ ನೀಲಿಯದು ಗರಿ ಉಬ್ಬಿಸಿಕೊಂಡು ಚೆಂಡಿನಂತೆ ಕೂತಿರತೊಡಗಿತು. ಮೈ ತುಂಬಿಕೊಂಡಿದೆ ಎಂದುಕೊಂಡೆ. ಕುರಿಯಾಗಿದ್ದರೆ ಬೆನ್ನುಮೂಳೆಗೆ ಕೈಯಿಟ್ಟು ನೋಡುತ್ತಿದ್ದೆ. ಹಕ್ಕಿಗೆ ಕಣ್ಣೇ ಸಾಕೆಂದುಕೊಂಡೆ.

"ದುಂಡಗಾಗೈತೆ ಕಣವ್ವ ನಿನ್ನ ನೀಲಿ" ಎಂದೆ ಫೋನಿನಲ್ಲಿ.

"ಅಜ್ಜಿ, ತೂಗೇ ಹೇಳ್ತಾ ಇದೀಯಲ್ಲ?"

"ತೂಗದೆ ಮತ್ತೆ? ಮೂವತ್ತೇಳು."

ಅವಳು ಊರಿಗೆ ಬರುವ ಹಿಂದಿನ ಸಂಜೆ, ಪಾಪ, ಮಗಳ ಹಕ್ಕಿಗೆ ಹಸಿರು ಇರಲಿ ಎಂದು ನೀನು ಸಂತೆಯ ಕೊತ್ತಂಬರಿಯಲ್ಲಿ ನಾಲ್ಕು ಎಸಳು ಪಂಜರಕ್ಕೆ ಸಿಕ್ಕಿಸಿದೆ. ಬೆಳಿಗ್ಗೆ ನೀಲಿಯದು ತಳದಲ್ಲಿ ಬಿದ್ದಿತ್ತು. ಎತ್ತಿದವಳು ನಾನು. ಅಂಗೈಯಲ್ಲಿ ಭಾರವೇ ಇರಲಿಲ್ಲ. ಗರಿ ಸರಿಸಿ ಮುಟ್ಟಿದರೆ ಎದೆಮೂಳೆ ಕುಡುಗೋಲಿನ ಅಲಗಿನಂತೆ ಬೆರಳಿಗೆ ತಾಗಿತು. ಎಷ್ಟೋ ದಿನದಿಂದ ಒಣಗುತ್ತಾ ಬಂದಿದ್ದ ಮೈ ಅದು. ಒಂದು ಸಂಜೆಯ ಸೊಪ್ಪಿನಿಂದ ಆಗುವಂಥದ್ದಲ್ಲ. ಅದು ನನಗೆ ಆಗಲೇ ತಿಳಿಯಿತು, ಶಾರದಾ. ತಿಳಿದೂ ಯಾರಿಗೂ ಮುಟ್ಟಲು ಬಿಡದೆ ಬಟ್ಟೆಯಲ್ಲಿ ಸುತ್ತಿ ಹಿತ್ತಲಲ್ಲಿ ಹೂತುಬಿಟ್ಟೆ.

ಹುಡುಗಿ ಮಧ್ಯಾಹ್ನ ಬಂದಳು. ಪಂಜರದಲ್ಲಿ ಬಾಡಿದ ಎಸಳು ನೋಡಿದಳು. "ಹುಳದ ಎಣ್ಣೆ ಹೊಡೆದ ಸೊಪ್ಪು ತಿನ್ನಿಸಿ ಕೊಂದೆ ನೀನು. ಅಜ್ಜಿ ಇಷ್ಟು ದಿನ ಚೆನ್ನಾಗಿ ನೋಡಿಕೊಂಡಿದ್ಲು" ಎಂದಳು. ನೀನು ನನ್ನ ಕಡೆ ನೋಡಿದೆ. ಅತ್ತೆ ಏನಾದರೂ ಹೇಳಲಿ ಎಂದಿರಬೇಕು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವತ್ತಿನಿಂದ ಅವಳು ನಿನ್ನ ಜೊತೆ ಮಾತು ಬಿಟ್ಟಳು. ಮತ್ತೆ ಮಾತಾಡಿದಾಗಲೂ ಮೊದಲಿನ ಹಾಗೆ ಆಗಲಿಲ್ಲ. ನೀನು ಇವತ್ತಿಗೂ ಸೊಪ್ಪನ್ನು ಉಪ್ಪುನೀರಿನಲ್ಲಿ ನೆನೆಸುತ್ತೀಯ, ತೊಳೆಯುತ್ತೀಯ, ಮತ್ತೆ ತೊಳೆಯುತ್ತೀಯ. ಆ ನೀರಿನ ಸದ್ದು ಕೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತೇನೆ. ಯಾಕೆಂದು ನೀನು ಯಾವತ್ತೂ ಕೇಳಲಿಲ್ಲ.

ಹಳದಿ ಹಕ್ಕಿಯನ್ನು ಅಜ್ಜಿ ಉಳಿಸಿದಳು ಎನ್ನುತ್ತೀರಿ ಎಲ್ಲರೂ. ಹೇಗೆ ಉಳಿಸಿದೆ ಎಂಬುದನ್ನೂ ಬರೆದುಬಿಡುತ್ತೇನೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು.

ಮರುದಿನ ಬೆಳಿಗ್ಗೆ ಎದ್ದವಳೇ ತಕ್ಕಡಿಯ ಮೇಲೆ ಡಬ್ಬಿ ಇಟ್ಟೆ. ಗುಂಡಿ ಒತ್ತಿದೆ. ಹಳದಿಯದನ್ನು ಟವಲಿನಲ್ಲಿ ಹಿಡಿದು ಒಳಗೆ ಬಿಟ್ಟೆ. ಅದು ಬಡಿದಾಡಲೂ ಇಲ್ಲ, ಸುಮ್ಮನೆ ಕೂತಿತು. ಅಂಕಿ ತಾನಾಗಿ ನಿಂತಿತು — ಮೂವತ್ತೊಂದು. ಇದೂ ಒಳಗೊಳಗೇ ಇಳಿದಿತ್ತು. ಹೇಳದಿದ್ದರೆ ಇದೂ ಹೋಗುತ್ತದೆ. ಹೇಳಿದರೆ, ಮೊನ್ನೆ ಮೂವತ್ತೆಂಟು ಅಂದಿದ್ದೆಯಲ್ಲ ಅಜ್ಜಿ, ಎನ್ನುತ್ತಾಳೆ. ಆಮೇಲೆ ಡಬ್ಬಿ ಎತ್ತಿಕೊಂಡು ಹುಡುಗಿ ಮಲಗಿದ್ದಲ್ಲಿಗೆ ಹೋದೆ. ನೀನು ಒಲೆಯ ಮುಂದೆ ಇದ್ದೆ. ನಿನಗೂ ಕೇಳಿಸುವ ಹಾಗೆ ಹೇಳಿದೆ:

"ಏಳವ್ವ, ಡಾಕ್ಟರ ಹತ್ರ ಓಡು. ಇದೂ ನಿಮ್ಮಮ್ಮ ಹಾಕಿದ ಸೊಪ್ಪು ತಿಂದೈತೆ."